ಘಾಟಿಯಲ್ಲಿ ಪೆಡಲ್ ಮೆತ್ತಗಾಯಿತು, ಊರಲ್ಲಿ ತೋರಿಸಿದರೆ ದೋಷವೇ ಇಲ್ಲ: ಬ್ರೇಕ್ ಕೈಕೊಟ್ಟದ್ದು ಯಾಕೆ?

ಪ್ರಶ್ನೆ: ನಮ್ಮದು ಎಂಟು ವರ್ಷದ, ಏಳು ಸೀಟಿನ ಪೆಟ್ರೋಲ್ ಕಾರು. ಮ್ಯಾನುವಲ್ ಗೇರ್, 71 ಸಾವಿರ ಕಿಲೋಮೀಟರ್ ಓಡಿದೆ. ಕಳೆದ ಮೇ ತಿಂಗಳಲ್ಲಿ ದಾವಣಗೆರೆಯಿಂದ ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿಗೆ ಹೊರಟಿದ್ದೆವು. ಆರು ಜನ, ಮೇಲೆ ಕ್ಯಾರಿಯರ್‌ನಲ್ಲಿ ಲಗೇಜು. ಘಾಟಿ ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಶುರುವಾಯಿತು. ಇನ್ನೆರಡು ತಿರುವು ಕಳೆಯುತ್ತಲೇ ಬ್ರೇಕ್ ಪೆಡಲ್ ಮೆತ್ತಗಾಗಿ ಅಡಿಗೆ ಹೋಯಿತು. ಮೂರು ನಾಲ್ಕು ಸಲ ಒತ್ತಿ ಒತ್ತಿ ಹೇಗೋ ನಿಲ್ಲಿಸಿದೆ. ಅರ್ಧ ಗಂಟೆ ನಿಂತ ಮೇಲೆ ಎಲ್ಲ ಸರಿಯಾಯಿತು. ಊರಿಗೆ ಬಂದು ತೋರಿಸಿದರೆ ಮೆಕ್ಯಾನಿಕ್, "ಪ್ಯಾಡ್ ಇನ್ನೂ ಇದೆ, ಲೀಕ್ ಇಲ್ಲ, ಏನೂ ತೊಂದರೆ ಇಲ್ಲ" ಎಂದು ಸ್ವಲ್ಪ ಬ್ರೇಕ್ ಆಯಿಲ್ ಹಾಕಿ ಕಳಿಸಿದರು. ಮುಂದಿನ ತಿಂಗಳು ಉಡುಪಿಯಲ್ಲಿ ತಂಗಿಯ ಮಗುವಿನ ನಾಮಕರಣ. ಈ ಸಲ ಏಳೂ ಸೀಟು ಭರ್ತಿ: ಅಪ್ಪ, ಅಮ್ಮ, ಅತ್ತೆ, ನಾವಿಬ್ಬರು, ಮಕ್ಕಳಿಬ್ಬರು. ನಮ್ಮ ಭಾವ ಹೇಳುವುದೇನೆಂದರೆ, "ಸೆಕೆಂಡ್ ಗೇರಿನಲ್ಲಿ ಇಳಿಸಿದರೆ ಎಂಜಿನ್ ಹಾಳಾಗುತ್ತೆ, ಪೆಟ್ರೋಲೂ ಕುಡಿಯುತ್ತೆ, ನ್ಯೂಟ್ರಲ್ ಮಾಡಿ ಬ್ರೇಕ್ ಮೇಲೆ ಇಳಿಸು." ಹೋದ ಸಲ ಹಾಗೇ ಮಾಡಿದ್ದೆ. ಮನೆಯವರಿಗೆ ಈಗ ಆಗುಂಬೆ ಎಂದರೆ ಭಯ. ಅಮ್ಮನಿಗೆ ಘಾಟಿಯಲ್ಲಿ ವಾಂತಿ ಬೇರೆ. ಅದೇ ದಾರಿಯಲ್ಲಿ ಹೋಗಬಹುದೇ, ಬೇರೆ ಘಾಟಿ ಹಿಡಿಯಬೇಕೇ, ಅಥವಾ ನಮ್ಮ ಕಾರನ್ನೇ ಬಿಟ್ಟು ಹೋಗಬೇಕೇ?

ಉತ್ತರ: ನೀವು ಕೇಳಿದ್ದು ದಾರಿಯ ವಿಚಾರ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಹೋದ ಸಲ ಆದದ್ದು ಏನು ಎಂಬುದು. ಅದು ಗೊತ್ತಾಗದೆ ಘಾಟಿ ಬದಲಿಸಿದರೆ ಅದೇ ತೊಂದರೆ ಬೇರೆ ಊರಿನಲ್ಲಿ ಎದುರಾಗುತ್ತದೆ, ಅಷ್ಟೆ. ಘಟ್ಟ ಇಳಿಯದೆ ಉಡುಪಿ ಸಿಗುವುದಿಲ್ಲವಲ್ಲ.

ನೀವು ಬರೆದಿರುವ ಕ್ರಮ ಬಹಳ ಮುಖ್ಯ. ಮೊದಲು ವಾಸನೆ, ಆಮೇಲೆ ಪೆಡಲ್ ಮೆತ್ತಗಾದದ್ದು, ಪದೇಪದೇ ಒತ್ತಿದಾಗ ಸ್ವಲ್ಪ ಹಿಡಿದದ್ದು, ಅರ್ಧ ಗಂಟೆ ತಣ್ಣಗಾದ ಮೇಲೆ ಪೂರ್ತಿ ಸರಿಹೋದದ್ದು. ಈ ನಾಲ್ಕನ್ನೂ ಜೋಡಿಸಿದರೆ ಒಂದೇ ಕಡೆಗೆ ಬೆರಳು ತೋರಿಸುತ್ತವೆ: ಬ್ರೇಕ್ ಆಯಿಲ್ ಕುದಿದಿದೆ.

ಬಿಸಿಗೆ ಬ್ರೇಕ್ ಸೋಲುವುದು ಎರಡು ಬಗೆಯಲ್ಲಿ. ಒಂದರಲ್ಲಿ ಪ್ಯಾಡ್ ಅತಿಯಾಗಿ ಕಾದು ಡಿಸ್ಕನ್ನು ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಆಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ. ಎಷ್ಟು ಒತ್ತಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ. ಇನ್ನೊಂದರಲ್ಲಿ ಪ್ಯಾಡಿನ ಬಿಸಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ದಾಟಿ ಒಳಗಿನ ಆಯಿಲ್‌ಗೆ ಇಳಿದು ಅದರಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಅದುಮಿದರೆ ಅದು ಕುಗ್ಗುವುದಿಲ್ಲ, ಒತ್ತಡವನ್ನು ಹಾಗೇ ಚಕ್ರಕ್ಕೆ ದಾಟಿಸುತ್ತದೆ. ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ, ಪೆಡಲ್ ಅಡಿಗೆ ಹೋಗುತ್ತದೆ. ನಿಮ್ಮ ವಾಸನೆ ಮೊದಲನೆಯದರ ಸೂಚನೆ, ಮೆತ್ತಗಾದ ಪೆಡಲ್ ಎರಡನೆಯದರ ಪುರಾವೆ.

ಮೆಕ್ಯಾನಿಕ್‌ಗೆ ದೋಷ ಸಿಗದಿದ್ದುದಕ್ಕೂ ಇದೇ ಕಾರಣ. ತಣ್ಣಗಾದ ಕೂಡಲೇ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಏನೂ ಆಗಿಯೇ ಇಲ್ಲವೆಂಬಂತೆ ಗಟ್ಟಿಯಾಗಿ ನಿಲ್ಲುತ್ತದೆ. ಸೋರಿಲ್ಲ, ಮುರಿದಿಲ್ಲ, ಸವೆದಿಲ್ಲ. ದಾವಣಗೆರೆಯ ಸಮತಟ್ಟು ರಸ್ತೆಯಲ್ಲಿ ಟ್ರಯಲ್ ನೋಡಿದರೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ನೋಡಿದ್ದು ತಣ್ಣಗಿನ ಬ್ರೇಕನ್ನು.

ಆಯಿಲ್ ಹಳೆಯದಾಗುವುದು ಹೇಗೆ

ಬ್ರೇಕ್ ಆಯಿಲ್ ಎಂದು ಕರೆಯುತ್ತೇವಾದರೂ ಅದು ಎಣ್ಣೆಯಲ್ಲ. ನಮ್ಮ ಕಾರುಗಳಲ್ಲಿರುವುದು ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ಗಾಳಿಯ ತೇವ ಹೀರುವ ಚಾಳಿ. ಬಾನೆಟ್ ಒಳಗಿನ ಆಯಿಲ್ ಡಬ್ಬಿಯ ಮುಚ್ಚಳದ ಸಂದಿನಿಂದ, ರಬ್ಬರ್ ಹೋಸ್‌ಗಳ ಮೂಲಕವೂ ತೇವ ನಿಧಾನಕ್ಕೆ ಒಳಗೆ ಸೇರುತ್ತಲೇ ಇರುತ್ತದೆ. ಗಾಡಿ ಓಡಲಿ, ಶೆಡ್ಡಿನಲ್ಲೇ ನಿಂತಿರಲಿ, ಇದು ತಪ್ಪುವುದಿಲ್ಲ. ನೀರು ಸೇರಿದಂತೆ ಕುದಿಯುವ ಮಟ್ಟ ಇಳಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ಸುಮಾರು ಶೇ 3.7ರಷ್ಟು ನೀರು ಸೇರಿದಾಗ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180.

ನಿಮ್ಮ ಪತ್ರದಲ್ಲಿ ಆಯಿಲ್ ಪೂರ್ತಿ ಬದಲಿಸಿದ ಮಾತೇ ಇಲ್ಲ. ಎಂಟು ವರ್ಷದಲ್ಲಿ ಒಮ್ಮೆಯೂ ಬದಲಿಸಿಲ್ಲ ಎಂದಾದರೆ, ಘಾಟಿಯ ಮಟ್ಟಿಗೆ ಅದು ಬ್ರೇಕ್ ಆಯಿಲ್ ಎನ್ನಿಸಿಕೊಳ್ಳುವ ಯೋಗ್ಯತೆ ಕಳೆದುಕೊಂಡಿದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ನಿಮ್ಮ ಕಾರಿನ ಕೈಪಿಡಿಯಲ್ಲಿ ಇದಕ್ಕೆ ಒಂದು ಸಾಲು ಇದ್ದೇ ಇರುತ್ತದೆ. ಎಂಜಿನ್ ಆಯಿಲ್ ಕಪ್ಪಾದರೆ ಕಣ್ಣಿಗೆ ಕಾಣುತ್ತದೆ, ಸರ್ವೀಸಿನಲ್ಲಿ ಎಲ್ಲರೂ ಕೇಳುತ್ತಾರೆ. ಇದನ್ನು ಯಾರೂ ಕೇಳುವುದಿಲ್ಲ, ಬಿಲ್ಲಿನಲ್ಲಿ ಕಾಣಿಸುವುದೂ ಅಪರೂಪ.

ಟಾಪ್‌ಅಪ್ ಮಾಡಿದ್ದರ ಬಗ್ಗೆ ಒಂದು ಮಾತು. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಮಟ್ಟ ಇಳಿಯುತ್ತದೆ. ಹಾಗಾಗಿ ಸೋರಿಕೆ ಇಲ್ಲದೆ ಮಟ್ಟ ಇಳಿದಿದ್ದರೆ ಅದು ಪ್ಯಾಡ್ ತೆಳ್ಳಗಾಗಿರುವ ಸುದ್ದಿ. ಮೇಲಿಂದ ಒಂದಿಷ್ಟು ಸುರಿದರೆ ಆ ಸುದ್ದಿ ಮುಚ್ಚಿಹೋಗುತ್ತದೆ. ಡಬ್ಬಿಗೆ ಹಾಕಿದ ಹೊಸ ಆಯಿಲ್ ಕ್ಯಾಲಿಪರ್‌ನೊಳಗೆ ತಾನಾಗಿ ಇಳಿದು ಹೋಗುವುದೂ ಇಲ್ಲ. ಕುದಿಯುವ ಜಾಗದಲ್ಲಿ ಇನ್ನೂ ಹಳೆಯದೇ ಕೂತಿದೆ.

ಎಷ್ಟು ಬಿಸಿ?

ಏಳು ಜನ, ಲಗೇಜು ಸೇರಿ ನಿಮ್ಮ ಕಾರು ಸುಮಾರು 1,700 ಕೆ.ಜಿ. ತೂಗುತ್ತದೆ ಎನ್ನೋಣ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ 14 ಹೇರ್‌ಪಿನ್ ತಿರುವುಗಳಲ್ಲಿ ಐನೂರು ಮೀಟರ್ ಎತ್ತರ ಕಳೆದುಕೊಳ್ಳುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಆ ಇಳಿತದಲ್ಲಿ ಹೊರಬರುವ ಶಕ್ತಿ ಸುಮಾರು 83 ಲಕ್ಷ ಜೂಲ್. ಅಂಕಿಯಿಂದ ಏನೂ ತಿಳಿಯುವುದಿಲ್ಲ; ಹೀಗೆ ನೋಡಿ: 28 ಲೀಟರ್, ಅಂದರೆ ಎರಡು ಕೊಡ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ. ಅಥವಾ 80 ಕಿ.ಮೀ. ವೇಗದಲ್ಲಿರುವ ಅದೇ ಕಾರನ್ನು ಬ್ರೇಕ್ ಹಾಕಿ ಪೂರ್ತಿ ನಿಲ್ಲಿಸುವುದನ್ನು ಬೆನ್ನುಬೆನ್ನಿಗೆ 20 ಸಲ ಮಾಡಿದಷ್ಟು.

ನ್ಯೂಟ್ರಲ್‌ನಲ್ಲಿ ಇಳಿಸಿದರೆ ಈ ಶಾಖದ ಬಹುಪಾಲನ್ನು ಪ್ಯಾಡು, ಡಿಸ್ಕು, ಹಿಂದಿನ ಡ್ರಮ್ಮುಗಳೇ ಹೊರಬೇಕು. ಘಾಟಿಯ ನಿಧಾನ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಇಲ್ಲ, ಬ್ರೇಕನ್ನು ತಣಿಸುವ ಗಾಳಿಯೂ ಕಡಿಮೆ. ಚಾಲಕ ಒಬ್ಬನೇ ಇದ್ದಾಗ 1,265 ಕೆ.ಜಿ. ಆಸುಪಾಸು ತೂಗುವ ಕಾರಿಗೆ ಹೋಲಿಸಿದರೆ ತುಂಬಿದ ಕಾರಿನ ಶಾಖ ಮೂರನೇ ಒಂದು ಪಾಲು ಹೆಚ್ಚು. ಬ್ರೇಕ್ ಮಾತ್ರ ಅದೇ ಅಳತೆಯದು.

ಭಾವನವರ ಮಾತು

ಭಾವ ಹೇಳಿದ್ದರಲ್ಲಿ ಒಂದು ಕಾಲಕ್ಕೆ ಅರ್ಧ ಸತ್ಯವಿತ್ತು. ಕಾರ್ಬ್ಯುರೇಟರ್ ಕಾಲದ ಎಂಜಿನ್ ಇಳಿಜಾರಿನಲ್ಲಿಯೂ ಪೆಟ್ರೋಲ್ ಎಳೆದುಕೊಳ್ಳುತ್ತಿತ್ತು. ಈಗಿನ ಇಂಜೆಕ್ಷನ್ ಎಂಜಿನ್ ಹಾಗಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದಾಗ, ಎಂಜಿನ್ ಐಡಲ್‌ಗಿಂತ ಸಾಕಷ್ಟು ಮೇಲಿನ ವೇಗದಲ್ಲಿ ಸುತ್ತುತ್ತಿದ್ದರೆ, ಕಂಪ್ಯೂಟರ್ ಇಂಜೆಕ್ಟರ್‌ಗಳನ್ನೇ ಮುಚ್ಚಿಬಿಡುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ, ಪೆಟ್ರೋಲ್ ಸೊನ್ನೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರದಿರಲೆಂದು ಅದಕ್ಕೆ ಪೆಟ್ರೋಲ್ ಕೊಡಲೇಬೇಕು. ಅಂದರೆ ಉಳಿತಾಯದ ಲೆಕ್ಕದಲ್ಲೂ ನ್ಯೂಟ್ರಲ್ ಸೋಲುತ್ತದೆ.

ಎಂಜಿನ್ ಹಾಳಾಗುತ್ತದೆ ಎಂಬ ಭಯ ಬರುವುದು ಸದ್ದಿನಿಂದ. ನಿಮ್ಮಂಥ ಕಾರು ಸೆಕೆಂಡ್ ಗೇರಿನಲ್ಲಿ 30 ಕಿ.ಮೀ. ವೇಗದಲ್ಲಿದ್ದರೆ ಎಂಜಿನ್ ಹೆಚ್ಚುಕಡಿಮೆ 2,500 ಸುತ್ತು ಹೊಡೆಯುತ್ತದೆ. ಪೆಟ್ರೋಲ್ ಎಂಜಿನ್ನಿನ ಕೆಂಪು ಗೆರೆ ಸಾಮಾನ್ಯವಾಗಿ 6,000ದ ಆಚೆ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಇದಕ್ಕಿಂತ ಹೆಚ್ಚು ಕೂಗಿಸುತ್ತೇವೆ. ಆಗ ಒಳಗೆ ಬೆಂಕಿಯೂ ಉರಿಯುತ್ತಿರುತ್ತದೆ, ಇಳಿಜಾರಿನಲ್ಲಿ ಅದೂ ಇಲ್ಲ. ನಿಜವಾಗಿ ಎಂಜಿನ್ ಕೆಡುವುದು ವೇಗ ಏರಿದ ಮೇಲೆ ತಡವಾಗಿ ಕೆಳ ಗೇರಿಗೆ ತುರುಕಿದಾಗ, ಅದರಲ್ಲೂ 70ರ ವೇಗದಲ್ಲಿ ಕೈತಪ್ಪಿ ಫಸ್ಟಿಗೆ ಹಾಕಿದಾಗ. ಕ್ಲಚ್ ಹಾಳಾಗುವುದು ಅರ್ಧ ಒತ್ತಿಕೊಂಡೇ ಇಳಿದಾಗ. ಇವೆರಡೂ ಎಂಜಿನ್ ಬ್ರೇಕಿಂಗಿನ ದೋಷವಲ್ಲ.

ಭಾವನವರು ಹೇಳದಿದ್ದರೂ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಎಂಜಿನ್ನನ್ನೇ ಆಫ್ ಮಾಡಿ ಇಳಿಯುತ್ತಾರೆ. ಬ್ರೇಕನ್ನು ಹಗುರ ಮಾಡುವ ಬೂಸ್ಟರ್ ಎಂಜಿನ್ನಿನ ನಿರ್ವಾತದಿಂದ ನಡೆಯುತ್ತದೆ. ಎಂಜಿನ್ ಆರಿದರೆ ಎರಡು ಮೂರು ಒತ್ತಿಗೆ ಸಾಕಾಗುವಷ್ಟು ಮಾತ್ರ ಉಳಿದಿರುತ್ತದೆ. ಪವರ್ ಸ್ಟಿಯರಿಂಗೂ ಹೋಗುತ್ತದೆ. ಕೀಲಿ ಹೊರಗೆಳೆದರೆ ಸ್ಟಿಯರಿಂಗ್ ಲಾಕ್ ಬೀಳಬಹುದು. ಇದರ ಬಗ್ಗೆ ಚರ್ಚೆಯೇ ಬೇಡ.

ಹೊರಡುವ ಮೊದಲು ಕಾರಿಗೆ ಆಗಬೇಕಾದ್ದು

ಹೊರಡಲು ಎರಡು ವಾರ ಇರುವಾಗಲೇ ಗ್ಯಾರೇಜಿಗೆ ಹೋಗಿ. ಹಿಂದಿನ ದಿನ ಬೇಡ. ಕಾರಣ ಮುಂದೆ ಬರುತ್ತದೆ.

ಅಲ್ಲಿ "ಬ್ರೇಕ್ ಚೆಕ್ ಮಾಡಿ" ಎಂದರೆ ಸಾಲದು. "ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿ" ಎಂದು ಸ್ಪಷ್ಟವಾಗಿ ಹೇಳಿ. ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಎಂದು ಬರೆದಿರುತ್ತದೆ. ಡಾಟ್ 3 ಎಂದಿದ್ದರೆ ಡಾಟ್ 4 ಹಾಕಬಹುದು. ಎರಡೂ ಒಂದೇ ಜಾತಿ. ಡಾಟ್ 5 ಎಂಬುದು ಮಾತ್ರ ಸಿಲಿಕೋನ್, ಬೇರೆ ಜಾತಿ, 5.1ರ ಹೆಸರಿನ ಹೋಲಿಕೆಗೆ ಮೋಸಹೋಗಬೇಡಿ. ಸೀಲ್ ಒಡೆಯದ ಬಾಟಲಿಯೇ ಬೇಕು. ಗ್ಯಾರೇಜಿನ ಕಪಾಟಿನಲ್ಲಿ ಆರು ತಿಂಗಳಿಂದ ಅರ್ಧ ತುಂಬಿ ನಿಂತ ಬಾಟಲಿ ಆಗಲೇ ತೇವ ಕುಡಿದಿರುತ್ತದೆ. ಇಡೀ ವ್ಯವಸ್ಥೆ ತೊಳೆದು ತುಂಬಲು ಒಂದು ಲೀಟರ್ ಕೈಯಲ್ಲಿರಲಿ. ಅರ್ಧ ಲೀಟರಿನಲ್ಲಿ ಮುಗಿಸಿದರೆ ಕೊನೆಯ ಚಕ್ರಕ್ಕೆ ಹಳೆಯದೇ ಉಳಿದಿರುವ ಸಾಧ್ಯತೆ ಹೆಚ್ಚು.

ಕೆಲಸ ನಡೆಯುವಾಗ ನಿಂತು ನೋಡಿ. ಚಕ್ರದ ಬಳಿ ಇರುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಒಬ್ಬರು ಪೆಡಲ್ ಒತ್ತುತ್ತ ಇನ್ನೊಬ್ಬರು ನಿಪ್ಪಲ್ ಬಿಗಿ ಸಡಿಲ ಮಾಡುತ್ತ ಹಳೆಯದನ್ನು ಹೊರಗೆ ತಳ್ಳುತ್ತಾರೆ. ಮೊದಲು ಕಂದು ಅಥವಾ ಚಹಾ ಬಣ್ಣದ್ದು ಬರುತ್ತದೆ, ಆಮೇಲೆ ತಿಳಿ ಹಳದಿ. ಗುಳ್ಳೆ ನಿಲ್ಲುವ ತನಕ, ಬಣ್ಣ ತಿಳಿಯಾಗುವ ತನಕ ಬಿಡಬೇಕು. ನಡುವೆ ಮೇಲಿನ ಡಬ್ಬಿ ಬರಿದಾಗಲು ಬಿಟ್ಟರೆ ಗಾಳಿ ಒಳಗೆ ನುಗ್ಗಿ ಎಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ. ಯಾವ ಚಕ್ರ ಮೊದಲು ಎಂಬುದು ಕಾರಿನಿಂದ ಕಾರಿಗೆ ಬೇರೆ. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇದ್ದರೆ ಕಂಪನಿ ಹೇಳಿದ ಕ್ರಮವನ್ನೇ ಪಾಲಿಸಲಿ. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ.

ಚಕ್ರ ಬಿಚ್ಚಿದಾಗಲೇ ಪ್ಯಾಡಿನ ದಪ್ಪ ಅಳೆಸಿ. ಲೋಹದ ಹಲಗೆ ಬಿಟ್ಟು ಬರೀ ಉಜ್ಜುವ ಭಾಗ 3 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಬದಲಿಸುವ ಹೊತ್ತು. ಸಮತಟ್ಟಿನಲ್ಲಿ ಇನ್ನೂ ಕೆಲವು ತಿಂಗಳು ನಡೆದೀತು. ಘಾಟಿಗೆ ಬೇಡ ಎನ್ನುವುದೇಕೆಂದರೆ, ಪ್ಯಾಡ್ ಬಿಸಿಗೆ ಅಡ್ಡಗೋಡೆಯೂ ಹೌದು. ತೆಳ್ಳಗಾದಷ್ಟೂ ಶಾಖ ಬೇಗ ಪಿಸ್ಟನ್ ಮುಟ್ಟುತ್ತದೆ. "ಪ್ಯಾಡ್ ಇನ್ನೂ ಇದೆ" ಎಂಬ ಮಾತಿಗೆ ಎಷ್ಟು ಮಿಲಿಮೀಟರ್ ಎಂದು ಮರುಪ್ರಶ್ನೆ ಹಾಕಬೇಕು. ಹೋದ ಸಲ ಅಷ್ಟು ಕಾದದ್ದರಿಂದ ಪ್ಯಾಡಿನ ಮೇಲ್ಮೈ ಗಾಜಿನಂತೆ ನುಣುಪಾಗಿದ್ದರೆ ಅಥವಾ ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ ದಪ್ಪ ಎಷ್ಟೇ ಇರಲಿ, ತೆಗೆಸಿ. ಹೊಸ ಪ್ಯಾಡ್ ಹಾಕಿಸಿದರೆ ಇನ್ನೂರು ಮುನ್ನೂರು ಕಿಲೋಮೀಟರ್ ಊರಲ್ಲೇ ಓಡಿಸಿ ಹದಕ್ಕೆ ಬರಿಸಬೇಕು. ಹೊಸ ಪ್ಯಾಡಿನೊಳಗಿನ ಅಂಟು ಮೊದಲ ಸಲ ಜೋರಾಗಿ ಕಾದಾಗ ಅನಿಲ ಬಿಡುತ್ತದೆ, ಆ ಗಳಿಗೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. ಎರಡು ವಾರ ಮೊದಲು ಎಂದದ್ದು ಇದಕ್ಕೇ.

ಕ್ಯಾಲಿಪರ್‌ನ ಸ್ಲೈಡ್ ಪಿನ್‌ಗಳು ಸಲೀಸಾಗಿ ಜಾರುತ್ತವೆಯೇ ನೋಡಿಸಿ. ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಸವರುತ್ತಲೇ ಇರುತ್ತದೆ, ಘಾಟಿಗೆ ಬರುವಷ್ಟರಲ್ಲೇ ಆ ಚಕ್ರ ಅರ್ಧ ಕಾದಿರುತ್ತದೆ. ಇದನ್ನು ನೀವೇ ಪತ್ತೆಹಚ್ಚಬಹುದು. ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ಜೋರು ಬ್ರೇಕ್ ಹಾಕದೆ ನಿಧಾನಕ್ಕೆ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ. ಡಿಸ್ಕ್ ಮುಟ್ಟಬೇಡಿ. ಎಡ ಬಲ ಒಂದೇ ಬಗೆಯ ಬಿಸಿ ಇರಬೇಕು. ಒಂದು ಮಾತ್ರ ಹೆಚ್ಚು ಧಗೆ ಬಿಟ್ಟರೆ ಅದನ್ನು ಬಿಚ್ಚಿಸಿ. ಹಿಂದಿನ ಡ್ರಮ್ ತೆಗೆಸಿ ಲೈನರ್ ದೂಳು ತೆಗೆಸಿ, ಅಡ್ಜಸ್ಟ್ ಮಾಡಿಸಿ. ತುಂಬಿದ ಗಾಡಿಯಲ್ಲಿ ಹಿಂದಿನ ಬ್ರೇಕಿಗೂ ಒಳ್ಳೆಯ ಕೆಲಸವಿದೆ.

ಟೈರ್ ಗಾಳಿಯ ವಿಚಾರ ಚಿಕ್ಕದು. ಚಾಲಕನ ಬಾಗಿಲು ತೆಗೆದರೆ ಕಾಣುವ ಸ್ಟಿಕರ್‌ನಲ್ಲಿ ಪೂರ್ಣ ಹೊರೆಗೆ ಬೇರೆ ಅಂಕಿ ಇರುತ್ತದೆ, ಹಿಂದಿನ ಟೈರಿಗೆ ಸಾಮಾನ್ಯವಾಗಿ ಹೆಚ್ಚು. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಷ್ಟು ತುಂಬಿಸಿ. "ಬಿಸಿಲು, ಎರಡು ಪಾಯಿಂಟ್ ಕಡಿಮೆ ಇರಲಿ" ಎಂಬ ಸಲಹೆ ತಪ್ಪು. ಗಾಳಿ ಕಡಿಮೆಯಿದ್ದರೆ ಟೈರ್ ಹೆಚ್ಚು ಮಡಚಿ ಇನ್ನಷ್ಟು ಬಿಸಿಯಾಗುತ್ತದೆ. ದಾರಿಯಲ್ಲಿ ಬಿಸಿಗೆ ಏರಿದ ಒತ್ತಡವನ್ನು ಇಳಿಸಲೂ ಬಾರದು.

ಮೇಲಿನ ಕ್ಯಾರಿಯರ್ ಬಗ್ಗೆ ಮಾತ್ರ ನನ್ನದು ಖಡಾಖಂಡಿತ ಅಭಿಪ್ರಾಯ: ಈ ಸಲ ಬೇಡ. ಏಳು ಜನರ ತೂಕವೇ ಕಾರಿನ ಮಿತಿಯ ಹತ್ತಿರ ಬಂದಿರುತ್ತದೆ. ಅದರ ಮೇಲೆ ಎತ್ತರದಲ್ಲಿ 50 ಕೆ.ಜಿ. ಇಟ್ಟರೆ ಹೇರ್‌ಪಿನ್‌ನಲ್ಲಿ ಗಾಡಿ ಹೊರಕ್ಕೆ ವಾಲುತ್ತದೆ. ತೊಟ್ಟಿಲು, ಪಾತ್ರೆ, ಉಡುಗೊರೆಯ ಗಂಟುಗಳನ್ನೆಲ್ಲ ಎರಡು ದಿನ ಮೊದಲೇ ಬಸ್ ಪಾರ್ಸೆಲ್‌ನಲ್ಲಿ ಕಳಿಸಿಬಿಡಿ.

ಇಳಿಯುವ ಬಗೆ

ಆಗುಂಬೆ ಮುಟ್ಟಿದ ಮೇಲೆ ಹತ್ತು ಹದಿನೈದು ನಿಮಿಷ ನಿಲ್ಲಿ. ಸೂರ್ಯಾಸ್ತದ ಕಟ್ಟೆಯ ಹತ್ತಿರ ಹೇಗಿದ್ದರೂ ಎಲ್ಲರೂ ಇಳಿಯುತ್ತಾರೆ. ಮಂಜು ದಟ್ಟವಾಗಿದ್ದರೆ ತಿಳಿಯಾಗುವ ತನಕ ಕಾಯಿರಿ.

ಇಳಿಜಾರು ಶುರುವಾಗುವ ಮೊದಲೇ ಸೆಕೆಂಡ್ ಗೇರಿಗೆ ಬನ್ನಿ. ಹತ್ತುವುದಕ್ಕೆ ಯಾವ ಗೇರ್ ಬೇಕೋ ಇಳಿಯುವುದಕ್ಕೂ ಅದೇ ಎಂದು ಹಳೆಯ ಡ್ರೈವರುಗಳು ಹೇಳುವ ಮಾತು ಈಗಲೂ ಸರಿ. ಕಾಲು ಆಕ್ಸಿಲರೇಟರ್ ಮೇಲೂ ಬೇಡ, ಕ್ಲಚ್ ಮೇಲೂ ಬೇಡ. 25ರಿಂದ 30ರ ವೇಗದಲ್ಲಿ ಗಾಡಿ ತಾನೇ ಬಿಗಿಹಿಡಿದುಕೊಂಡು ಇಳಿಯುತ್ತದೆ. 35 ದಾಟಿತು ಎನ್ನಿಸಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 25ಕ್ಕೆ ತಂದು ಪೂರ್ತಿ ಬಿಡಿ. ಪೆಡಲ್ ಮೇಲೆ ಕಾಲಿಟ್ಟು ಸವರಿಕೊಂಡೇ ಹೋಗಬೇಡಿ. ಬಿಟ್ಟು ಬಿಟ್ಟು ಒತ್ತಿದ ಮಾತ್ರಕ್ಕೆ ಒಟ್ಟು ಶಾಖ ಕಡಿಮೆಯಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ, ಆಗುವುದಿಲ್ಲ. ಕಡಿಮೆ ಮಾಡುವುದು ಎಂಜಿನ್. ನಿಧಾನಕ್ಕೆ ಇಳಿದರೆ ತಣಿಯಲು ಹೊತ್ತು ಸಿಗುತ್ತದೆ. ಬಿಟ್ಟು ಒತ್ತುವುದರ ದೊಡ್ಡ ಲಾಭವೆಂದರೆ ಪ್ರತಿ ಸಲವೂ ಪೆಡಲ್ ಯಾವ ಎತ್ತರದಲ್ಲಿ ಹಿಡಿಯುತ್ತಿದೆ ಎಂಬುದು ಕಾಲಿಗೆ ತಿಳಿಯುತ್ತದೆ. ಅದು ಕೊಂಚ ಕೆಳಗಿಳಿದರೂ ಮುಂದಿನ ಅಗಲ ಜಾಗದಲ್ಲಿ ನಿಲ್ಲಬೇಕು.

ಹೇರ್‌ಪಿನ್‌ಗೆ ಮೊದಲು ಹಾರ್ನ್, ಮೊದಲು ಬ್ರೇಕ್, ಆಮೇಲೆ ತಿರುವು. ತೀರಾ ಬಿಗಿಯಾದ ತಿರುವಿನಲ್ಲಿ 15–20ಕ್ಕೆ ಇಳಿಸಿ ಫಸ್ಟಿಗೆ ಹಾಕಲು ಸಂಕೋಚ ಬೇಡ. ಜಾಗ ಕಿರಿದಾದಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ರಸ್ತೆ ನಿಯಮವೂ ಅದೇ. ಹಿಂದಿನವರು ಹಾರ್ನ್ ಮಾಡಿದರೆ ಅವರನ್ನು ಮುಂದೆ ಕಳಿಸಿ. ಘಾಟಿಯಲ್ಲಿ ಬಹಳ ಬ್ರೇಕ್‌ಗಳು ಕಾಯುವುದು ಹಿಂದಿನವರ ಅವಸರಕ್ಕೆ.

ಇಷ್ಟಾದ ಮೇಲೂ ಪೆಡಲ್ ಅಡಿಗೆ ಹೋದರೆ? ಬೇಗ ಬೇಗ ಪಂಪ್ ಮಾಡಿ, ಸ್ವಲ್ಪ ಒತ್ತಡ ಏರುತ್ತದೆ. ಜೊತೆಗೇ ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್ ಬ್ರೇಕನ್ನು ಅದರ ಗುಂಡಿ ಒತ್ತಿಹಿಡಿದು ನಿಧಾನಕ್ಕೆ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಬಿಗಿದು ಗಾಡಿ ತಿರುಗುತ್ತದೆ. ಅದು ಕೇಬಲ್ ಮೇಲೆ ನಡೆಯುವುದರಿಂದ ಆಯಿಲ್ ಕುದಿದಿದ್ದರೂ ಕೆಲಸ ಮಾಡುತ್ತದೆ. ಏನೂ ಸಾಲದಿದ್ದರೆ ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ. ಬಂಪರ್ ಹೋದರೆ ಹೋಗಲಿ.

ನಿಂತ ಮೇಲೆ ಡಿಸ್ಕಿಗೆ ನೀರು ಹೊಯ್ಯುವ ಚಟ ನಮ್ಮಲ್ಲಿ ಬಹಳ. ಕೆಂಡದಂಥ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಸೀಳಲೂಬಹುದು. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಗಿಯದೆ ಅರ್ಧ ಗಂಟೆಯಾದರೂ ಬಿಡಿ. ಪೆಡಲ್ ವಾಪಸ್ ಬಂದರೆ ಫಸ್ಟ್ ಗೇರಿನಲ್ಲಿ ಉಳಿದದ್ದನ್ನು ಇಳಿಯಬಹುದು, ಬರದಿದ್ದರೆ ಟೋಯಿಂಗ್.

ಆಟೋಮ್ಯಾಟಿಕ್ ಕಾರಿನವರಿಗೂ ಒಂದು ಮಾತು: ಡಿ ಯಲ್ಲೇ ಬಿಟ್ಟರೆ ಹಲವು ಕಾರುಗಳು ಇಳಿಜಾರಿನಲ್ಲಿ ಮೇಲಿನ ಗೇರಿಗೆ ಹೋಗಿಬಿಡುತ್ತವೆ. ಎಂ, ಎಲ್, ಎಸ್ ಅಥವಾ ಬಿ, ಯಾವುದಿದೆಯೋ ಅದರಲ್ಲಿ ಕೆಳ ಗೇರ್ ಹಿಡಿಸಿ. ಎಲೆಕ್ಟ್ರಿಕ್ ಕಾರಾದರೆ ಘಟ್ಟದ ನೆತ್ತಿಯಲ್ಲಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಶಕ್ತಿ ಹಿಡಿದಿಡಲು ಜಾಗವಿರುವುದಿಲ್ಲ, ಇಳಿಯುವಾಗ ಬ್ಯಾಟರಿ ತುಂಬಿಸುತ್ತಲೇ ಗಾಡಿ ತಡೆಯುವ ರೀಜೆನ್ ಬ್ರೇಕ್ ದುರ್ಬಲವಾಗುತ್ತದೆ.

ಹಾಗಾದರೆ ಏನು ಮಾಡುವುದು

ಆಯಿಲ್ ಬದಲಿಸಿ, ಪ್ಯಾಡ್ ಸರಿಯಿದ್ದು, ಕ್ಯಾರಿಯರ್ ಇಳಿಸಿ, ಸೆಕೆಂಡ್ ಗೇರಿನಲ್ಲಿ ಇಳಿಯುವುದಾದರೆ ಏಳು ಜನರೊಂದಿಗೆ ಆಗುಂಬೆಯೇ ಆಗಬಹುದು. ಉಳಿಯುವ ಅಪಾಯ ನಿಮ್ಮ ಅಭ್ಯಾಸದ್ದು. ಎಂಜಿನ್ ಬ್ರೇಕಿಂಗ್ ರೂಢಿಯಿಲ್ಲದಿದ್ದರೆ ಮೊದಲ ಪಾಠ ಹೇರ್‌ಪಿನ್‌ನಲ್ಲಿ ಬೇಡ. ಹತ್ತಿರದ ಯಾವುದಾದರೂ ಗುಡ್ಡದ ರಸ್ತೆಯಲ್ಲಿ ಒಬ್ಬರೇ ನಾಲ್ಕೈದು ಸಲ ಇಳಿದು ಕಾಲಿಗೆ ಅಭ್ಯಾಸ ಮಾಡಿಕೊಳ್ಳಿ.

ಇಬ್ಬರನ್ನು ಬಸ್ಸಿನಲ್ಲಿ ಕಳಿಸುವುದು ಎರಡನೆಯ ದಾರಿ. 130 ಕೆ.ಜಿ. ಇಳಿಯುತ್ತದೆ, ಕೊನೆಯ ಸಾಲು ಮಡಚಿ ಲಗೇಜು ಕೆಳಗೇ ಇಡಬಹುದು. ನನ್ನ ಒಲವು ಇದರ ಕಡೆಗೆ. ಆದರೆ ಹಿರಿಯರನ್ನು ಬಸ್ಸಿಗೆ ಹತ್ತಿಸಿ ನಾವು ಕಾರಿನಲ್ಲಿ ಹೋಗುವುದು ಮನೆಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ಘಾಟಿ ಬದಲಿಸುವುದರಿಂದ ಲಾಭ ಕಡಿಮೆ. ಹುಲಿಕಲ್ ಕಡೆಯ ಬಾಳೆಬರೆ ಘಾಟಿಯಲ್ಲೂ ಇಳಿಜಾರಿದೆ, ತಿರುವುಗಳಿವೆ. ಶಿರಾಡಿಯ ರಸ್ತೆ ಅಗಲ, ತಿರುವು ಸೌಮ್ಯ, ಆದರೆ ನಿಮಗೆ ಬಹಳ ಸುತ್ತು, ಲಾರಿಗಳ ಸಾಲು ಬೇರೆ. ಘಾಟಿ ಬಲ್ಲ ಚಾಲಕನಿರುವ ಬಾಡಿಗೆ ಗಾಡಿ ಹಿಡಿದರೆ ನಿಮ್ಮ ಆತಂಕ ತಗ್ಗುತ್ತದೆ ನಿಜ. ಅವರ ಬ್ರೇಕ್ ಆಯಿಲ್ ಯಾವ ವರ್ಷದ್ದು ಎಂಬುದು ನಿಮಗೆ ತಿಳಿಯುವುದಿಲ್ಲ. ನ್ಯೂಟ್ರಲ್‌ಗೆ ಹಾಕುವುದು ಕಂಡರೆ ಬೇಡ ಎನ್ನಲು ಹಿಂಜರಿಯಬೇಡಿ.

ಅಮ್ಮನ ವಾಂತಿಗೂ ಬ್ರೇಕಿಗೂ ನಂಟಿದೆ. ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಟ ಹೇಳುತ್ತದೆ, ಕಣ್ಣು ಕಾರಿನೊಳಗಿನ ನಿಶ್ಚಲ ಸೀಟನ್ನು ನೋಡುತ್ತದೆ. ಈ ತಾಳ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಹೆಜ್ಜೆಹೆಜ್ಜೆಗೂ ಬ್ರೇಕ್ ಹಾಕಿ ಬಿಡುವ ಮುಂದು ಹಿಂದಿನ ಜಗ್ಗಾಟ ಅದನ್ನು ಹೆಚ್ಚಿಸುತ್ತದೆ. ಸೆಕೆಂಡ್ ಗೇರಿನ ಒಂದೇ ಸಮನೆಯ ಇಳಿತದಲ್ಲಿ ಅಮ್ಮನಿಗೂ ಹಾಯೆನಿಸುತ್ತದೆ. ಅವರನ್ನು ಮುಂದೆ ಕೂರಿಸಿ, ದೂರದ ರಸ್ತೆ ನೋಡುತ್ತಿರಲಿ. ಹಿಂದಿನ ಚಕ್ರದ ಮೇಲೆ ಬರುವ ಮೂರನೇ ಸಾಲು ಎಲ್ಲಕ್ಕಿಂತ ಹೆಚ್ಚು ಕುಲುಕುತ್ತದೆ; ಅಲ್ಲಿ ಮಕ್ಕಳು ಕೂರಲಿ, ಮೊಬೈಲ್ ಮಾತ್ರ ಘಾಟಿ ಮುಗಿಯುವ ತನಕ ನಿಮ್ಮ ಕೈಯಲ್ಲಿರಲಿ. ತೀರ್ಥಹಳ್ಳಿಯಲ್ಲಿ ಎರಡು ಇಡ್ಲಿ ಸಾಕು, ಎಣ್ಣೆತಿಂಡಿ ಬೇಡ, ಬರಿಹೊಟ್ಟೆಯೂ ಬೇಡ. ಮಾತ್ರೆ ಕೊಡುವುದಾದರೆ ಅವರ ವಯಸ್ಸಿಗೆ ಯಾವುದು ಸರಿ ಎಂದು ವೈದ್ಯರನ್ನೇ ಕೇಳಿ. ವಾಂತಿ ಬಂದ ಮೇಲೆ ನುಂಗಿದರೆ ಕೆಲಸಕ್ಕೆ ಬಾರದು, ಘಾಟಿಗೆ ಒಂದು ಗಂಟೆ ಮೊದಲಾದರೂ ಹೊಟ್ಟೆ ಸೇರಿರಬೇಕು.

ವಾಪಸ್ ಹತ್ತುವಾಗ ಬ್ರೇಕಿನ ಚಿಂತೆಯಿಲ್ಲ, ಎಂಜಿನ್ ಬಿಸಿಯ ಚಿಂತೆ. ಹೊರಡುವ ಮೊದಲು ಕೂಲಂಟ್ ಮಟ್ಟ ನೋಡಿ. ದಾರಿಯಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಮಾಮೂಲಿಗಿಂತ ಮೇಲೇರತೊಡಗಿದರೆ ಮೊದಲು ಎಸಿ ಆಫ್ ಮಾಡಿ. ಇಳಿಯದಿದ್ದರೆ ಹೀಟರ್ ಪೂರ್ತಿ ತೆಗೆಯಿರಿ, ಸೆಖೆ ತಡೆದುಕೊಂಡರೆ ಅದೊಂದು ಹೆಚ್ಚುವರಿ ರೇಡಿಯೇಟರ್ ಇದ್ದಂತೆ. ನಿಂತ ಮೇಲೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ತಿರುವಿನಲ್ಲಿ ನಿಂತು ಹೊರಡುವಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿ ತೂಗಿಸದೆ ಹ್ಯಾಂಡ್ ಬ್ರೇಕ್ ಹಾಕಿಕೊಂಡು, ಕ್ಲಚ್ ಹಿಡಿದ ಕೂಡಲೇ ಅದನ್ನು ಬಿಟ್ಟು ಹೊರಡಿ. ಇಲ್ಲದಿದ್ದರೆ ಈ ಸಲ ಸುಟ್ಟ ವಾಸನೆ ಕ್ಲಚ್ಚಿನಿಂದ ಬಂದೀತು.